ಒಂಬತ್ತನೇ ನಂಬರಿನ ಚೀಟಿ

ನೆರೂಳ, ಸೆಕ್ಟರ್ 20
3 ಜೂನ್ 2024

ಗೆಳೆಯ ಚೆನ್ನಯ ಅವರಿಗೆ ಶಶಿಕಾಂತನ ಶರಣು.

ನಮ್ಮ ಬೇಸ್‌ಬಾಲ್ ಲೀಗಿನ ಇಪ್ಪತ್ಮೂರನೇ ಸೀಸನ್ನಿಗೆ ನಿನ್ನೆ ಭಾನುವಾರ ಬೆಳಿಗ್ಗೆ ಚೀಟಿ ಎತ್ತಿದೆ. ಪ್ರತಿ ವರ್ಷದಂತೆ ನಿಯಮಗಳನ್ನು ಮತ್ತೊಮ್ಮೆ ಬರೆಯುವುದು ಕಾರ್ಯದರ್ಶಿಯಾದ ನನ್ನ ಕರ್ತವ್ಯ. ನಿಮಗೆ ಬಾಯಿಪಾಠ ಇರಬಹುದು, ಆದರೂ ಓದಬೇಕು.

ತುರ್ಭೆಯ ಫ್ಯಾಕ್ಟರಿಯಲ್ಲಿ ಅಮೆರಿಕದಿಂದ ಬಂದ ಮಶೀನಿನ ಪೆಟ್ಟಿಗೆಯೊಳಗೆ ಯಾರೋ ಮರೆತು ಬಿಟ್ಟ ಈ ಆಟ ಸಿಕ್ಕಾಗ ನಾವು ನಾಲ್ವರಿದ್ದೆವು. ಸ್ಟೋರಿನ ಗುಮಾಸ್ತ ನಾನು, ಕ್ಯಾಂಟೀನಿನ ನೀವು, ಮಾಲು ಇಳಿಸುವ ಹುಲಗಪ್ಪ ಮತ್ತು ಭೀಮು. ನಲವತ್ತು ಕಾರ್ಡು, ಎರಡು ದಾಳ, ಒಂದು ಪುಸ್ತಿಕೆ. ನಮ್ಮಲ್ಲಿ ಯಾರೂ ಇವತ್ತಿನವರೆಗೆ ಬೇಸ್‌ಬಾಲನ್ನು ಕಣ್ಣಾರೆ ಕಂಡಿಲ್ಲ. ಲೀಗು ಇಷ್ಟು ವರ್ಷ ಬಾಳಿದ್ದು ಅದಕ್ಕೇ ಎಂದು ನನ್ನ ನಂಬಿಕೆ. ಕ್ರಿಕೆಟ್ ಆಗಿದ್ದರೆ ಎರಡನೇ ವಾರಕ್ಕೇ ಕಾಲರ್ ಹಿಡಿದುಕೊಳ್ಳುತ್ತಿದ್ದೆವು.

ಅಮೆರಿಕದ ಹೆಸರುಗಳಿಗೆ ನಾಲಿಗೆ ಹೊರಳದೆ, ಅವನ್ನು ಹೊಡೆದುಹಾಕಿ ನಮ್ಮ ನಮ್ಮ ಜನರ ಹೆಸರು ಬರೆದಿದ್ದೇವೆ. ವರ್ಷಕ್ಕೊಮ್ಮೆ ಡಬ್ಬಿಯಲ್ಲಿ ಕಾರ್ಡುಗಳ ನಂಬರು ಬರೆದ ನಲವತ್ತು ಚೀಟಿ ಹಾಕಿ, ಒಬ್ಬೊಬ್ಬರಿಗೆ ಹತ್ತು ಆಟಗಾರರನ್ನು ಎತ್ತುವುದು. ಆರಿಸಿಕೊಳ್ಳುವಂತಿಲ್ಲ, ಬದಲಾಯಿಸಿಕೊಳ್ಳುವಂತಿಲ್ಲ. ಚೀಟಿಗೆ ಬಂದದ್ದೇ ಬಂದದ್ದು. ಪ್ರತಿ ಭಾನುವಾರ ಅವರವರ ಮನೆಯಲ್ಲಿ ಅವರವರು ದಾಳ ಎಸೆದು, ಬಂದ ಮೊತ್ತಕ್ಕೆ ಕಾರ್ಡಿನಲ್ಲಿ ಏನಿದೆಯೋ ಅದನ್ನು ಪ್ರಾಮಾಣಿಕವಾಗಿ ಬರೆದು ಅಂಚೆಗೆ ಹಾಕಬೇಕು. ಮನೆಯಿಂದ ಹೊರಟ ಆಟಗಾರ ಐರೋಲಿ, ಠಾಣೆ, ದಿವಾ ಎಂದು ನಮ್ಮ ಲೋಕಲ್ ಗಾಡಿಯ ಹೆಸರಿಟ್ಟ ಮೂರು ಸ್ಟೇಷನ್ ದಾಟಿ ಮರಳಿ ಮನೆ ಮುಟ್ಟಿದರೆ ಒಂದು ರನ್ನು. ಒಂದೇ ಏಟಿಗೆ ಮನೆ ಮುಟ್ಟಿದರೆ ಅದು ಫಾಸ್ಟ್. ವಾಟ್ಸ್‌ಆ್ಯಪಿನಲ್ಲಿ ಫಲಿತಾಂಶ ಕಳುಹಿಸುವಂತಿಲ್ಲ. ಒಂದು ವರ್ಷ ಪ್ರಯತ್ನಿಸಿ, ಭೀಮುವಿನ ಗುಡ್ ಮಾರ್ನಿಂಗ್ ಹೂಗಳಲ್ಲಿ ಸ್ಕೋರು ಮುಳುಗಿಹೋದದ್ದು ನಿಮಗೆ ನೆನಪಿರಬಹುದು.

ಈ ಸಲ ಡಬ್ಬಿ ತೆಗೆದಾಗ ಒಂದು ಚೀಟಿಯನ್ನು ಜಿರಲೆ ತಿಂದಿತ್ತು. ಸೊಸೆ ಸ್ನೇಹಲ್ ಹೊಸದು ಬರೆದುಕೊಟ್ಟಳು. ನಾಲ್ಕೂ ತಂಡಗಳ ಪಟ್ಟಿ ಹಿಂಬದಿಗಿದೆ, ನಿಮ್ಮ ಹತ್ತು ಕಾರ್ಡು ಕವರಿನಲ್ಲಿವೆ. ನಿಮ್ಮದರಲ್ಲಿ ಒಂಬತ್ತನೇ ನಂಬರು ಇದೆ, ಅಂದರೆ ಅನೀಶ. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ಡಬ್ಬಿಯಿಂದ ಬಂದದ್ದನ್ನು ಓದಿದೆ, ಅಷ್ಟೇ.

ಅಕ್ಷರ ದಪ್ಪವಾಗಿವೆ ಎಂದು ಆಡಿಕೊಳ್ಳಬೇಡಿ, ಪೆನ್ನು ಹೊಸದು.

ನಿಮ್ಮ
ಶಶಿಕಾಂತ್


ಡೊಂಬಿವಲಿ ಪೂರ್ವ
11 ಜೂನ್ 2024

ಶಶಿಯಣ್ಣನಿಗೆ ನಮಸ್ಕಾರ.

ಪಟ್ಟಿಯನ್ನು ಗೇಟಿನ ಹತ್ತಿರವೇ ನಿಂತು ಓದಿದೆ. ಮೂರು ಮಹಡಿ ಹತ್ತಿ ಬರುವುದರೊಳಗೆ ತಲೆ ಬಿಸಿಯಾಯಿತು. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಒಂಬತ್ತನೇ ನಂಬರು ನನಗೆ ಬೇಡ.

ನಿಮಗೆ ಗೊತ್ತಿಲ್ಲದ್ದಲ್ಲ. ಬರುವ ಜುಲೈ ಹದಿನಾಲ್ಕಕ್ಕೆ ಪದ್ಮಾವತಿ ಹೋಗಿ ಎರಡು ವರ್ಷ. ಹೆತ್ತ ತಾಯಿ ಹೋದ ದಿನ ಮಗ ಬಂದದ್ದು ಎಲ್ಲ ಮುಗಿದು ನಾವು ಸ್ಮಶಾನದಿಂದ ಬಂದು ಸ್ನಾನ ಮಾಡಿದ ಮೇಲೆ. ನಾಲ್ಕು ಜನರೆದುರು, "ಇನ್ನು ಈ ಮನೆಯ ಮೆಟ್ಟಿಲು ಹತ್ಬೇಡ" ಎಂದೆ. ಅವನು ಹತ್ತಲಿಲ್ಲ. ನಾನು ಕರೆಯಲಿಲ್ಲ. ಐರೋಲಿಯಲ್ಲಿದ್ದಾನೆ, ಕೆಲಸದಲ್ಲಿದ್ದಾನೆ ಎಂದು ಯಾರೋ ಹೇಳಿ ಗೊತ್ತು.

ಆ ಕಾರ್ಡಿನ ಮೇಲಿರುವುದು ನನ್ನ ಅಕ್ಷರವಲ್ಲ. ಮೂರನೇ ಕ್ಲಾಸಿನಲ್ಲಿದ್ದಾಗ ಅವನೇ ಹಠ ಹಿಡಿದು ಬರೆದದ್ದು. ಕನ್ನಡ ಶಾಲೆಗೆ ಹಾಕಿದ್ದೆನಲ್ಲ, ದೊಡ್ಡ ಉಮೇದು. ‘ನೀ’ಯ ದೀರ್ಘ ಎಳೆದೂ ಎಳೆದೂ ಕಾರ್ಡಿನ ಅಂಚು ದಾಟಿ ಹೋಗಿದೆ. ಪ್ರತಿ ಭಾನುವಾರ ಅದನ್ನು ಮೇಜಿನ ಮೇಲಿಟ್ಟುಕೊಂಡು ದಾಳ ಎಸೆಯಬೇಕು, ಆ ಹೆಸರು ಬರೆಯಬೇಕು. ಎರಡು ವರ್ಷದಿಂದ ಈ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದವರಿಲ್ಲ.

ನಿಮ್ಮ ಪಾಲಿಗೆ ಒಂದನೇ ನಂಬರು ಪಾರವ್ವ ಬಂದಿದ್ದಾಳಲ್ಲ, ಅವಳನ್ನಾದರೂ ಕೊಡಿ. ವರ್ಷಕ್ಕೊಮ್ಮೆ ಐರೋಲಿ ಮುಟ್ಟಿದರೆ ಹೆಚ್ಚು ಎಂಬ ಆಟಗಾರ್ತಿ. ಆದರೂ ಆಗಬಹುದು. ಲೀಗಿನ ಇತಿಹಾಸದಲ್ಲಿ ಪಾರವ್ವನನ್ನು ಕೇಳಿ ಪಡೆದವ ನಾನೊಬ್ಬನೇ ಎಂದು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.

ಚೆನ್ನಯ


ನೆರೂಳ
17 ಜೂನ್ 2024

ಚೆನ್ನಯ ಅವರಿಗೆ ಶರಣು.

ಆಗುವುದಿಲ್ಲ.

2009ರಲ್ಲಿ ಹುಲಗಪ್ಪನಿಗೆ ಅವನ ಅತ್ತೆ ಚಂದ್ರಬಾಯಿಯ ಕಾರ್ಡು ಬಂದಾಗ ಅವನು ಸ್ಟೋರಿಗೆ ಬಂದು ಎಷ್ಟು ಗೋಗರೆದ ಎಂಬುದು ನಿಮಗೆ ನೆನಪಿದೆ. "ಸಾಹೇಬ್ರ, ಮನ್ಯಾಗ ಆಕಿನ್ನ ಕಟಿಗೊಂಡು ಸಾಕಾಗೇದ, ಇಲ್ಲೂ ಯಾಕ್ರಿ?" ಎಂದಿದ್ದ. ಆಗ ಎಲ್ಲರಿಗಿಂತ ಜೋರಾಗಿ "ಚೀಟಿಗೆ ಬಂದದ್ದೇ ಬಂದದ್ದು" ಎಂದವರು ನೀವು. ಆ ವರ್ಷ ಚಂದ್ರಬಾಯಿ ಹದಿನಾಲ್ಕು ಫಾಸ್ಟ್ ಹೊಡೆದಳು. ಹುಲಗಪ್ಪ ಗೆದ್ದು ನಿಮ್ಮ ಕ್ಯಾಂಟೀನಿನ ಕಟಿಂಗ್ ಚಹಾದ ಗ್ಲಾಸನ್ನು ಟ್ರೋಫಿಯೆಂದು ಮನೆಗೆ ಒಯ್ದ.

ಒಬ್ಬರಿಗೆ ಸಡಿಲ ಬಿಟ್ಟರೆ ನಾಳೆ ಭೀಮು ಕೇಳುತ್ತಾನೆ. ಈ ಲೀಗಿನಲ್ಲಿ ಅಂಪೈರ್ ಇಲ್ಲ, ನೋಡುವವರಿಲ್ಲ. ಇರುವುದು ಚೀಟಿ ಮತ್ತು ಮಾತು ಮಾತ್ರ. ದಯವಿಟ್ಟು ಆಡಿ. ಬೇಕಿದ್ದರೆ ಅವನನ್ನು ಕೊನೆಯವನಾಗಿ ಇಳಿಸಿ, ಅದಕ್ಕೆ ನಿಯಮದ ಅಡ್ಡಿಯಿಲ್ಲ.

ಶಶಿಕಾಂತ್


ಡೊಂಬಿವಲಿ ಪೂರ್ವ
24 ಜೂನ್ 2024

ಕಾರ್ಯದರ್ಶಿಯವರಿಗೆ,

ಮೊದಲ ವಾರ: ನನ್ನ ತಂಡ ನಾಲ್ಕು ರನ್ನು. ಒಂಬತ್ತನೇ ನಂಬರನ್ನು ಕೊನೆಗೆ ಇಳಿಸಿದೆ. ಮೂರು ಸಲ ಎಸೆದೆ, ಮೂರು ಸಲ ಔಟ್.

ಇನ್ನೊಂದು ಮಾತು ಹೇಳುವುದಿದೆ. ಇಷ್ಟು ವರ್ಷ ಆ ಕಾರ್ಡು ನನ್ನ ಪಾಲಿಗೆ ಬಂದದ್ದು ನಾಲ್ಕೇ ಸಲ. ನಾನೂ ಮಗನೂ ಮಾತು ಬಿಟ್ಟ ಮೇಲೆ ಕಳೆದ ವರ್ಷ ಭೀಮುವಿಗೆ ಹೋಯಿತು. ಈಗ ಎರಡು ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ನನ್ನ ಮಡಿಲಿಗೆ ಬಂದು ಬಿತ್ತು. ಚೀಟಿ ಎತ್ತುವವರು ನೀವು, ಓದುವವರು ನೀವು, ಬರೆದುಕೊಳ್ಳುವವರೂ ನೀವು. ಪದ್ಮಾವತಿಯ ವರ್ಷಾಂತಿಕದ ದಿನ ನೀವು ನನಗೆ ಅರ್ಧ ಗಂಟೆ ಬುದ್ಧಿ ಹೇಳಿದ್ದಿರಿ, "ಹುಡುಗನ ಮಾತೂ ಕೇಳ್ರಿ" ಎಂದು. ನಾನು ಕೇಳಲಿಲ್ಲ. ಬಾಯಿಂದ ಆಗದ್ದನ್ನು ಡಬ್ಬಿಯಿಂದ ಮಾಡಿಸಹೊರಟಿರಾ?

ಮೂವತ್ತು ವರ್ಷ ಕ್ಯಾಂಟೀನು ನಡೆಸಿದ್ದೇನೆ. ಸಾಂಬಾರಿಗೆ ಯಾರು ಕೈ ಹಾಕಿದರೆಂದು ಬಣ್ಣ ನೋಡಿ ಹೇಳಬಲ್ಲೆ. ನೀವು ಚೀಟಿಯಲ್ಲಿ ಕೈ ಆಡಿಸಿದ್ದೀರಿ.

ಚೆನ್ನಯ


ನೆರೂಳ
2 ಜುಲೈ 2024

ಚೆನ್ನಯ ಅವರಿಗೆ,

ನಿಮ್ಮ ಆರೋಪವನ್ನು ರಿಜಿಸ್ಟರಿನ 212ನೇ ಪುಟದಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಇಪ್ಪತ್ಮೂರು ವರ್ಷಗಳಲ್ಲಿ ಆ ಪುಸ್ತಕದಲ್ಲಿ ಇಂಥದೊಂದು ಸಾಲು ಬಂದಿರಲಿಲ್ಲ.

ನಾನು ಕೈ ಆಡಿಸಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾರದು. ನನಗೆ ಬಹಳ ನೋವಾಗಿದೆ.

ಎರಡನೇ ವಾರ: ನನ್ನ ತಂಡ ಮೂರು ರನ್ನು, ಹುಲಗಪ್ಪ ಏಳು, ಭೀಮು ಎರಡು. ನಿಮ್ಮದು ಬಂದಿಲ್ಲ.

ಶಶಿಕಾಂತ್


ಡೊಂಬಿವಲಿ ಪೂರ್ವ
30 ಜುಲೈ 2024

ಶಶಿಕಾಂತ್ ಅವರಿಗೆ,

ತಡವಾಯಿತು. ಐದು ವಾರಗಳ ಸ್ಕೋರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ದಾಳವನ್ನು ಒಂದು ಭಾನುವಾರವೂ ತಪ್ಪಿಸಿಲ್ಲ, ಅಂಚೆಗೆ ಹಾಕಲು ಮಾತ್ರ ಮನಸ್ಸು ಬರಲಿಲ್ಲ. ಹದಿನಾಲ್ಕನೇ ತಾರೀಕು ಕೂಡ ಭಾನುವಾರವೇ ಆಗಿತ್ತು. ಅವಳ ಫೋಟೋಕ್ಕೆ ಹೂವಿಟ್ಟು, ಊಟ ಬಡಿಸಿ, ಆಮೇಲೆ ಆಡಿದೆ.

ಮೊನ್ನೆ ಇಪ್ಪತ್ತೆಂಟಕ್ಕೆ ಆದದ್ದನ್ನು ಯಾರಿಗಾದರೂ ಹೇಳಬೇಕು. ನಿಮ್ಮ ಮೇಲೆ ಸಿಟ್ಟು ಇದೆ. ಆದರೆ ಹೇಳುವುದಕ್ಕೆ ನೀವಲ್ಲದೆ ಬೇರೆ ಯಾರೂ ಇಲ್ಲ.

ಒಂಬತ್ತನೇ ನಂಬರು ಎರಡನೇ ಸ್ಟೇಷನ್ ಮುಟ್ಟಿದ್ದ. ಅವನ ಹಿಂದೆ ಬಂದ ಮೂವರೂ ಸಾಲಾಗಿ ಔಟಾದರು, ಸರದಿ ಮುಗಿಯಿತು. ಒಬ್ಬನೇ ಆಡುವವನಿಗೆ ಗಟ್ಟಿಯಾಗಿ ಮಾತಾಡುವ ಚಾಳಿ ಅಂಟಿಕೊಳ್ಳುತ್ತದೆ. "ಛೆ, ಅನೀಶ ಠಾಣೆಯಲ್ಲೇ ಉಳಿದ" ಎಂದೆ. ಕೆಳಗಿನ ಮನೆಯ ರಮಿತಾ ಬಾಗಿಲಲ್ಲಿ ನಿಂತಿದ್ದಳು, ನೀರುದೋಸೆ ತಂದಿದ್ದಳು.

"ಯಾಕೆ ಅಂಕಲ್? ಪುನಃ ಗಾಡಿ ಬಂದ್ ಆಯ್ತಾ?" ಎಂದಳು.

ಇದು ಆಟ ಎಂದು ನಾನು ಬಾಯಿ ತೆರೆಯುವ ಮೊದಲೇ, "ಆ ದಿನವೂ ಹಾಗೇ ಆದದ್ದಲ್ವಾ. ಹಳಿ ಮೇಲೆ ನೀರು ನಿಂತು ಠಾಣೆಯಿಂದ ಮುಂದೆ ಗಾಡಿಯೇ ಇರ್ಲಿಲ್ಲ. ದಿವಾದ ತನಕ ನೀರಲ್ಲೇ ನಡ್ಕೊಂಡು ಬಂದ ಪಾಪ. ಚಪ್ಪಲಿ ಎಲ್ಲಿಯೋ ಹೋಗಿತ್ತು. ನಮ್ಮ ಇವ್ರ ಚಪ್ಪಲಿ ಹಾಕ್ಕೊಂಡು ವಾಪಸ್ ಹೋದದ್ದು ಅವ" ಎಂದಳು.

"ನಿಂಗೆ ಯಾರು ಹೇಳಿದ್ದು?"

"ಅವನೇ. ನೀವು ಮೆಟ್ಟಿಲು ಹತ್ಬೇಡ ಅಂದ್ಮೇಲೆ ನಮ್ಮನೆಯಲ್ಲೇ ಕೂತಿದ್ದ, ಕತ್ತಲಾಗುವ ತನಕ. ನಿಮ್ಗೆ ಗೊತ್ತಿರ್ಲಿಲ್ವಾ ಅಂಕಲ್?"

ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ. ಇನ್ನೂ ಒಂದು ವಿಷಯವನ್ನು ನಾನು ನಿಮಗೂ ಹೇಳಿರಲಿಲ್ಲ. ಆವತ್ತು ನೆರೆಯವರು "ಇನ್ನೊಂದು ಗಂಟೆ ಕಾಯುವ, ಹುಡುಗ ಬರ್ತಾನೆ" ಎಂದಿದ್ದರು. "ಬರುವವ ಇಷ್ಟೊತ್ತಿಗೆ ಬಂದಿರ್ತಿದ್ದ" ಎಂದು ಅವಳನ್ನು ಎತ್ತಿಸಿದವನು ನಾನು.

ದೋಸೆ ತಣ್ಣಗಾಯಿತು. ತಿನ್ನಲಿಲ್ಲ.

ಚೆನ್ನಯ


ನೆರೂಳ
9 ಆಗಸ್ಟ್ 2024

ಗೆಳೆಯ ಚೆನ್ನಯ ಅವರಿಗೆ ಶರಣು.

ನಿಮ್ಮ ಪತ್ರವನ್ನು ನಿಧಾನವಾಗಿ ಓದಿದೆ. ಒಂದು ತಿಂಗಳು ಬರೆಯದಿದ್ದಾಗ ಲೀಗು ಬಿಟ್ಟೇಬಿಟ್ಟಿರಿ ಎಂದುಕೊಂಡಿದ್ದೆ. ದಾಳ ತಪ್ಪಿಸಿಲ್ಲ ಎಂಬ ಸಾಲಿಗೆ ಬಂದಾಗ ಕುರ್ಚಿಗೆ ಒರಗಿ ಸ್ವಲ್ಪ ಹೊತ್ತು ಕೂತೆ.

ನಾನು ಬುದ್ಧಿ ಹೇಳುವುದಿಲ್ಲ. ಒಮ್ಮೆ ಹೇಳಿ ಅನುಭವಿಸಿದ್ದು ಸಾಕು. ನಮ್ಮ ಕಡೆ ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎನ್ನುತ್ತಾರೆ. ಆಡಿದ್ದು ಹೋಯಿತು ನಿಜ, ಆದರೆ ಆಡದೆ ಇಟ್ಟುಕೊಂಡದ್ದು ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ. ಇದನ್ನೂ ಬುದ್ಧಿ ಎಂದುಕೊಂಡರೆ ಕ್ಷಮಿಸಿ.

ಅಂಕಪಟ್ಟಿಯಲ್ಲಿ ನೀವು ಎರಡನೆಯವರು. ಒಂದು ಕೋರಿಕೆ, ನಿಮ್ಮ ಅಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿ, ಸಾಲಿನ ನಡುವೆ ಜಾಗ ಬಿಡಿ. ಕಾಗದದಲ್ಲಿ ಜಿಪುಣತನ ಬೇಡ.

ನಿಮ್ಮ
ಶಶಿಕಾಂತ್


ಡೊಂಬಿವಲಿ ಪೂರ್ವ
20 ಆಗಸ್ಟ್ 2024

ಶಶಿಯಣ್ಣನಿಗೆ ನಮಸ್ಕಾರ.

ಅಕ್ಷರ ದೊಡ್ಡದು ಮಾಡಿದ್ದೇನೆ, ಸಾಕೋ? ಮೂರು ಹಾಳೆ ಆಗುವ ಲಕ್ಷಣವಿದೆ, ಸ್ಟಾಂಪಿನ ಖರ್ಚು ಕಾರ್ಯದರ್ಶಿಯ ತಲೆಗೆ.

ಮೊನ್ನೆ ಭಾನುವಾರ ಒಂಬತ್ತನೇ ನಂಬರು ಫಾಸ್ಟ್ ಹೊಡೆಯಿತು! ಆ ಕಾರ್ಡಿಗೆ ಎರಡು ದಾಳದಲ್ಲೂ ಆರು ಬಿದ್ದರೆ ಮಾತ್ರ ಫಾಸ್ಟ್. ಮೊದಲ ದಾಳ ಆರು. ಇನ್ನೊಂದು ಉರುಳಿ ಉರುಳಿ ತಟ್ಟೆಯ ಅಂಚಿಗೆ ತಾಗಿ ನಿಂತಿತು. ಅದೂ ಆರು. ನಾನು ಎದ್ದು ನಿಂತುಬಿಟ್ಟೆ. ಈ ಪ್ರಾಯದಲ್ಲಿ ಒಬ್ಬನೇ ಕೋಣೆಯಲ್ಲಿ ಚಪ್ಪಾಳೆ ತಟ್ಟಿದ್ದನ್ನು ಬೇರೆಯವರಿಗೆ ಹೇಳಬೇಡಿ.

ಆ ಬಿಸಿಯಲ್ಲೇ ಫೋನ್ ಎತ್ತಿದೆ. ನಂಬರು ಬಾಯಿಪಾಠ ಇತ್ತು. ಎತ್ತಿಕೊಂಡ. "ಎಂಚ ಉಲ್ಲ?" ಎಂದೆ. ಹೇಗಿದ್ದಿ ಎಂದು ಎರಡು ವರ್ಷದ ಮೇಲೆ ಕೇಳಿದ್ದು. "ಉಲ್ಲೆ" ಎಂದ. ಇದ್ದಾನಂತೆ. ಆಮೇಲೆ ಫೋನು ಕೆಟ್ಟಿತೋ ಎಂದು ಕಿವಿಯಿಂದ ತೆಗೆದು ನೋಡಿದೆ. ಕೊನೆಗೆ ನಾನೇ, "ಒಂಬತ್ತನೇ ನಂಬರು ಫಾಸ್ಟ್ ಹೊಡ್ದ" ಎಂದೆ.

ಅವನು ಕೇಳಿದ, "ಸ್ಟೇಷನ್‌ನಲ್ಲಿ ಎಷ್ಟು ಜನ ಇದ್ರು ಅಪ್ಪ?"

"ಇಬ್ರು."

"ಹಾಗಾದ್ರೆ ಮೂರು ರನ್ನು."

"ಹೌದು, ಮೂರು."

ಇಷ್ಟೇ ಮಾತು. ಹೇಳಬೇಕಾದ್ದನ್ನು ಹೇಳದೆ ಫೋನಿಟ್ಟೆ. ನನ್ನ ಬಾಯಿಂದ ಆ ಮಾತು ಬರುವುದಿಲ್ಲ ಶಶಿಯಣ್ಣ. ಐವತ್ತು ಜನರಿಗೆ ಬೈದು ಕೆಲಸ ತೆಗೆಸಿದ ಬಾಯಿ ಇದು. ಬೇರೆ ಅಭ್ಯಾಸವೇ ಆಗಲಿಲ್ಲ. ಫೋನಿನಲ್ಲಿ ಇನ್ನು ನೂರು ಸಲ ಮಾತಾಡಿದರೂ ನಾನು ಸ್ಕೋರನ್ನೇ ಹೇಳುವವ.

ಈಗ ನಿಮ್ಮ ವಿಷಯ. ನೀವು ಕೈ ಆಡಿಸಿದ್ದೀರಿ ಎಂದು ಬೈದಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಕೈಮುಗಿದು ಹೇಳುತ್ತೇನೆ. ಚೀಟಿಯೆಂದರೆ ಪ್ರಾಣ ಬಿಡುವ ಮನುಷ್ಯ ನೀವು. ನನಗಾಗಿ ಆ ನಿಯಮವನ್ನು ಮುರಿದಿರಿ, ಮೇಲಿಂದ ಬೈಗುಳ ತಿಂದಿರಿ. ಒಡಹುಟ್ಟಿದವರು ಮಾಡುವುದಿಲ್ಲ ಇಷ್ಟನ್ನು. ಇನ್ನು ಆ ವಿಷಯ ಎತ್ತುವುದಿಲ್ಲ, 212ನೇ ಪುಟವನ್ನು ಹರಿದುಹಾಕಿ.

ಗಣಪತಿಗೆ ಇಲ್ಲಿಗೆ ಬನ್ನಿ. ಠಾಣೆಯಲ್ಲಿ ಗಾಡಿ ಬದಲಿಸಿದರಾಯಿತು. ನೀವು ಈ ಕಡೆ ತಲೆ ಹಾಕದೆ ಒಂದು ವರ್ಷವಾಯಿತು.

ನಿಮ್ಮ
ಚೆನ್ನಯ


ನೆರೂಳ
4 ಸೆಪ್ಟೆಂಬರ್ 2024

ಗೆಳೆಯ ಚೆನ್ನಯ ಅವರಿಗೆ ಶರಣು.

ಈ ಪತ್ರ ಬರೆಯಲು ನಾಲ್ಕು ದಿನ ಹಿಡಿದಿದೆ. ಸಾಲು ಸೊಟ್ಟಗಿದ್ದರೆ, ಒಂದರ ಮೇಲೊಂದು ಹತ್ತಿದ್ದರೆ, ಕೂಡಿಸಿ ಓದಿಕೊಳ್ಳಿ.

ನಿಮ್ಮ ಕೃತಜ್ಞತೆ ನನ್ನದಲ್ಲ. ಅದನ್ನು ಇಟ್ಟುಕೊಳ್ಳಲು ನನಗೆ ಹಕ್ಕಿಲ್ಲ. ನಾನು ನಿಮಗಾಗಿ ಏನೂ ಮಾಡಲಿಲ್ಲ.

ಕಳೆದ ವಾರ ಸ್ನೇಹಲ್ ನನ್ನ ಮೇಜು ಒರೆಸುತ್ತ, ನಿಮ್ಮ ಪಟ್ಟಿಗೆ ಪಿನ್ನು ಮಾಡಿಟ್ಟ ಹತ್ತು ಚೀಟಿಗಳನ್ನು ಎತ್ತಿಕೊಂಡಳು. ಪಕ್ಕದಲ್ಲೇ ರಿಜಿಸ್ಟರು ತೆರೆದಿತ್ತು. ಕನ್ನಡ ಓದಲು ಬಾರದಿದ್ದರೂ ಅಂಕಿ ಓದುತ್ತಾಳೆ. "ಬಾಬಾ, ಹಾ ನಊ ನಾಹೀ, ಹಾ ಏಕ್ ಆಹೇ" ಎಂದಳು. ಇದು ಒಂಬತ್ತಲ್ಲ, ಒಂದು. "ನಾನೇ ಬರ್ದಿದ್ದು. ನೀವು ಒಂದ್ ಬರಿ ಅಂದ್ರಿ, ನಾ ಬರ್ದೆ."

ಜಿರಲೆ ತಿಂದದ್ದು ಒಂದನೇ ನಂಬರಿನ ಚೀಟಿ. ಅವಳು ಮರಾಠಿ ಶಾಲೆಯ ಟೀಚರು. ಒಂದು ಬರಿ ಎಂದರೆ ಮರಾಠಿಯ १ ಬರೆದಳು. ಉಳಿದ ಮೂವತ್ತೊಂಬತ್ತೂ ನಾನು ಬರೆದ ಇಂಗ್ಲಿಷ್ ಅಂಕಿಗಳು. ಅವುಗಳ ನಡುವಿನಿಂದ ಅದು ಕೈಗೆ ಬಂದಾಗ ನಾನು 9 ಎಂದು ಓದಿ ಅನೀಶನನ್ನು ನಿಮಗೆ ಬರೆದೆ. ನಲವತ್ತು ವರ್ಷದಿಂದ ಮರಾಠಿ ನಂಬರು ನೋಡಿ ಬಸ್ಸು ಹತ್ತಿದ ಮನುಷ್ಯ! ಆಮೇಲೆ ನಿಜವಾದ 9 ನನ್ನ ತಂಡಕ್ಕೇ ಬಂತು. ರಿಜಿಸ್ಟರಿನಲ್ಲಿ ಒಂಬತ್ತಕ್ಕೆ ಆಗಲೇ ಗುರುತು ಹಾಕಿತ್ತು, ಉಳಿದದ್ದು ಒಂದನೇ ನಂಬರು ಮಾತ್ರ. ನನ್ನ ಕಣ್ಣೇ ಮೋಸ ಮಾಡಿರಬೇಕೆಂದು ಪಾರವ್ವನನ್ನು ನನಗೆ ಬರೆದುಕೊಂಡೆ. ಯಾರನ್ನೂ ಕರೆದು ತೋರಿಸಲಿಲ್ಲ.

ತೋರಿಸದ ಕಾರಣವನ್ನೂ ಹೇಳಬೇಕು. ನನಗೆ ಕಾಚಬಿಂದು ಆಗಿದೆ, ಡಾಕ್ಟರು ಗ್ಲಾಕೋಮಾ ಎನ್ನುತ್ತಾರೆ. ಮೋತಿಬಿಂದು, ಅಂದರೆ ಪೊರೆ ಆಗಿದ್ದರೆ ಆಪರೇಷನ್ ಮಾಡಿ ತೆಗೆಯುತ್ತಿದ್ದರು. ಇದರಲ್ಲಿ ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಬಲಗಣ್ಣು ಹೋದ ವರ್ಷವೇ ಹೋಯಿತು. ಎಡಗಣ್ಣಿನಲ್ಲಿ ಮಧ್ಯದಲ್ಲಿ ಸ್ವಲ್ಪ ಇದೆ. ನಾನು ಡೊಂಬಿವಲಿಗೆ ಬಾರದೆ ಇರುವುದು ನಿಮಗೆ ನೆಪ ಹೇಳುತ್ತಿದ್ದ ಮೊಣಕಾಲಿನಿಂದಲ್ಲ. ಠಾಣೆಯ ಸೇತುವೆಯ ಮೆಟ್ಟಿಲು ಕಾಣುವುದಿಲ್ಲ. ಪೆನ್ನು ಹೊಸದೆಂದು ನಿಮಗೆ ಸುಳ್ಳು ಬರೆದೆ. ಕಣ್ಣಿಲ್ಲದ ಕಾರ್ಯದರ್ಶಿ ಯಾರಿಗೆ ಬೇಕು ಎಂಬ ಹೆದರಿಕೆ ಇತ್ತು. ಫ್ಯಾಕ್ಟರಿ ಹೋಯಿತು, ಮನೆಯಾಕೆ ಹೋದಳು, ನನ್ನದೆಂದು ಉಳಿದದ್ದು ಈ ರಿಜಿಸ್ಟರು ಒಂದೇ.

ನಿಮ್ಮ ಒಂದು ಪತ್ರ ಓದಲು ನನಗೆ ಎರಡು ದಿನ ಬೇಕು, ಭೂತಗನ್ನಡಿ ಹಿಡಿದು, ಪದ ಪದವಾಗಿ. ಮಗ ಕೈಲಾಸನಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಸ್ನೇಹಲ್‌ಗೆ ಮಾತು ಅರ್ಧ, ಓದು ಇಲ್ಲವೇ ಇಲ್ಲ. ಈ ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ, ಅದೂ ಇನ್ನೆಷ್ಟು ದಿನವೋ.

ನಿಯಮದ ಪ್ರಕಾರ ಅನೀಶ ನನ್ನ ತಂಡದವನು, ಪಾರವ್ವ ನಿಮ್ಮವಳು. ಅವನು ನಿಮಗೆ ತಂದ ರನ್ನುಗಳೆಲ್ಲ ರದ್ದಾಗಬೇಕು. ಆ ಫಾಸ್ಟ್ ಕೂಡ. ಇದನ್ನು ಬರೆಯದೆ ಮುಚ್ಚಿಡಬಹುದೇ ಎಂದು ಎರಡು ದಿನ ಯೋಚಿಸಿದೆ. ನಿಮ್ಮ ಚಪ್ಪಾಳೆ ನೆನಪಾಗಿ ಮುಚ್ಚಿಡೋಣ ಎನ್ನಿಸಿತು. ಆದರೆ ಇಪ್ಪತ್ಮೂರು ವರ್ಷದ ಮಾತು ಇದೆ. ಹೇಳದೆ ಇದ್ದರೆ ನೀವು ಬೈದದ್ದೇ ನಿಜವಾಗುತ್ತಿತ್ತು.

ರಾಜೀನಾಮೆಯನ್ನು ಇದರ ಜೊತೆಯೇ ಇಟ್ಟಿದ್ದೇನೆ.

ಶಶಿಕಾಂತ್


ಡೊಂಬಿವಲಿ ಪೂರ್ವ
17 ಸೆಪ್ಟೆಂಬರ್ 2024

ಶಶಿಯಣ್ಣನಿಗೆ ನಮಸ್ಕಾರ.

ಈ ಪತ್ರವನ್ನು ನೀವು ಓದುತ್ತಿಲ್ಲ, ಕೇಳುತ್ತಿದ್ದೀರಿ. ಓದುತ್ತಿರುವವನ ಧ್ವನಿ ಗುರುತು ಸಿಕ್ಕಿರಬೇಕು. ಏಳನೆಯ ತನಕ ಕನ್ನಡ ಶಾಲೆಗೆ ಹಾಕಿ ನನ್ನ ಇಂಗ್ಲಿಷು ಹಾಳು ಮಾಡಿದಿರಿ ಎಂದು ನನ್ನನ್ನು ಎಷ್ಟೋ ಸಲ ದೂರಿದವನು. ನೋಡಿ, ಹೇಗೆ ಕೆಲಸಕ್ಕೆ ಬಂತು.

ಕವರನ್ನು ಐರೋಲಿಯ ಅವನ ವಿಳಾಸಕ್ಕೆ ಹಾಕುತ್ತೇನೆಂದು ಫೋನು ಮಾಡಿ ಹೇಳಿದೆ: "ಭಾನುವಾರ ನೆರೂಳಿಗೆ ಹೋಗಿ ಶಶಿಕಾಂತ್ ಕಾಕಾನ ಎದುರೇ ತೆಗಿ. ಮೊದ್ಲು ಓದ್ಬೇಡ. ಅವರಿಗೆ ಓದಿ ಹೇಳುವವರಿಲ್ಲ." "ಆಯ್ತಪ್ಪ" ಎಂದಿದ್ದಾನೆ. ಕೊಟ್ಟ ಮಾತು ತಪ್ಪುವವನಲ್ಲ. ಓದುವವನೇ, ನಿಧಾನ ಓದು, ಗಡಿಬಿಡಿ ಮಾಡಬೇಡ. ಕಾಕಾನಿಗೆ ಕಿವಿ ಚೆನ್ನಾಗಿದೆ.

ನಿಮ್ಮ ಪತ್ರ ಓದಿ ಮೊದಲು ನನಗೆ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ನೀವು ನನಗಾಗಿ ನಿಯಮ ಮುರಿದಿರಿ ಎಂಬ ಧೈರ್ಯದಲ್ಲೇ ನಾನು ಆ ಫೋನು ಮಾಡಿದ್ದು. ಈಗ ನೋಡಿದರೆ ಏನೂ ಇಲ್ಲ, ಒಂದು ಅಂಕಿಯ ಬಾಲ. ಒಂದು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮರುದಿನ ಹಾಲು ಕಾಸುವಾಗ ನಗು ಬಂತು. ಚೀಟಿಯ ದೇವರು ಮರಾಠಿ ಮೀಡಿಯಮ್ಮಿನಲ್ಲಿ ಕಲಿತಿರಬೇಕು.

ಆದರೆ ಕಣ್ಣಿನ ವಿಷಯ ನನಗೆ ಹೇಳಲಿಲ್ಲವಲ್ಲ ನೀವು, ಅದಕ್ಕೆ ಸಿಟ್ಟಿದೆ. ನಾನು ಸಣ್ಣ ಅಕ್ಷರದಲ್ಲಿ ಬೈದು ಬರೆದದ್ದನ್ನು ನೀವು ಎರಡು ದಿನ ಭೂತಗನ್ನಡಿ ಹಿಡಿದು ಓದಿದಿರಿ. ಅದನ್ನು ನೆನೆದರೆ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಎನಿಸುತ್ತದೆ.

ರಾಜೀನಾಮೆ ಒಲೆಗೆ ಹೋಯಿತು. ಹುಲಗಪ್ಪನನ್ನೂ ಭೀಮುವನ್ನೂ ಕೇಳಿದೆ. ಭೀಮು, "ಸಾಹೇಬ್ರಿಗಿ ಕಣ್ಣ್ ಹೋದ್ರ ಏನಾತು, ನಮ್ಮ ಕಣ್ಣಿಲ್ಲೇನು? ಬರ್ಕೋರಿ ಅನ್ರಿ" ಎಂದ. ರಿಜಿಸ್ಟರು ನಿಮ್ಮದೇ. 212ನೇ ಪುಟವನ್ನು ಹರಿಯಬೇಡಿ. ಅದರ ಕೆಳಗೆ, ಆರೋಪ ಸುಳ್ಳು, ಚೆನ್ನಯ ಕ್ಷಮೆ ಕೇಳಿದ್ದಾನೆ ಎಂದು ಬರೆಸಿ.

ನಿಯಮ ನಿಯಮವೇ. ಪಾರವ್ವನನ್ನು ಕಳುಹಿಸಿ. ಕೊನೆಯ ಸ್ಥಾನಕ್ಕೆ ನಾನು ತಯಾರಾಗಿದ್ದೇನೆ. ರನ್ನುಗಳನ್ನೆಲ್ಲ ರದ್ದು ಮಾಡಿ, ಫಾಸ್ಟ್ ಕೂಡ. ನಾನು ಎದ್ದು ನಿಂತದ್ದನ್ನು ರದ್ದು ಮಾಡಲು ನಿಮ್ಮಿಂದಾಗದು.

ಒಂಬತ್ತನೇ ನಂಬರಿನ ಕಾರ್ಡು ಇದೇ ಕವರಿನಲ್ಲಿದೆ. ಓದುವವನು ಅದನ್ನು ಕಾಕಾನ ಕೈಗೆ ಕೊಡಬೇಕು. ‘ನೀ’ಯ ದೀರ್ಘವನ್ನು ಬೆರಳಿನಿಂದ ಮುಟ್ಟಿ ನೋಡಿ, ಪೆನ್ಸಿಲು ಒತ್ತಿ ಬರೆದದ್ದು, ಈಗಲೂ ಕೈಗೆ ಸಿಗುತ್ತದೆ. ಕಾರ್ಡೂ ನಿಮ್ಮದು, ಆಸಾಮಿಯೂ ನಿಮ್ಮವನು. ಪ್ರತಿ ಭಾನುವಾರ ಬಂದು ನಮ್ಮ ಪತ್ರಗಳನ್ನು ಓದಿ, ನೀವು ಹೇಳಿದ್ದನ್ನು ಬರೆದುಕೊಡುತ್ತಾನೆ. ಅವನನ್ನು ಇನ್ನೂ ಕೇಳಿಲ್ಲ. ಈಗ ಓದುತ್ತಿದ್ದಾನಲ್ಲ, ಒಪ್ಪಿಗೆಯೋ ಇಲ್ಲವೋ ನೀವೇ ಕೇಳಿ.

ಮುಂದಿನದನ್ನು ಅವನು ನುಂಗದೆ ಗಟ್ಟಿಯಾಗಿ ಓದಬೇಕು. ನನ್ನ ಬಾಯಿಗೆ ಬಾರದ್ದು, ಅವನ ಬಾಯಿಯಿಂದಲೇ ಬರಲಿ. ಕೇಳಲು ನೀವು ಸಾಕ್ಷಿ ಇದ್ದೀರಿ.

ಆ ದಿನ ನಾನು ಒಂದು ಗಂಟೆ ಕಾಯಬೇಕಾಗಿತ್ತು. ಕಾಯಲಿಲ್ಲ. ಮಗ ನೀರಿನಲ್ಲಿ ನಡೆದು ಬಂದ, ನಾನು ಅವನ ಕಾಲು ನೋಡಲಿಲ್ಲ. ಅವನ ತಾಯಿಯ ಮುಖವನ್ನು ಅವನಿಗೆ ತಪ್ಪಿಸಿದವನು ನಾನು. ತಪ್ಪು ನನ್ನದು, ಅವನದಲ್ಲ.

ಇಷ್ಟು ಓದಿ ಆದ ಮೇಲೆ ಅವನಿಗೆ ನೀರು ಕೊಡಿ. ಸ್ನೇಹಲಳ ಕೈಯ ಚಹಾ ಆದರೂ ಆಗಬಹುದು.

ಸಂಜೆ ಅವನನ್ನು ಐರೋಲಿಯಲ್ಲಿ ಇಳಿಯಬೇಡ ಎನ್ನಿ. ಠಾಣೆಯಲ್ಲಿ ಗಾಡಿ ಬದಲಿಸಿ, ದಿವಾ ದಾಟಿ ಮುಂದೆ ಬರಲಿ. ಬಾಗಿಲು ತೆರೆದೇ ಇರುತ್ತದೆ. ಎಷ್ಟು ಹೊತ್ತಾದರೂ ಸರಿ, ಊಟಕ್ಕೆ ಕಾಯುತ್ತೇನೆಂದು ಅವನಿಗೆ ಹೇಳಿ.

ನಿಮ್ಮ
ಚೆನ್ನಯ